ಹಳದಿ ಬಿಳಿಚಿದ್ದರೆ ತತ್ತಿ ಡುಪ್ಲಿಕೇಟ್ ಅಲ್ಲ

ತತ್ತಿಯ ಹಳದಿ ಭಾಗದ ಬಣ್ಣದ ಬಗ್ಗೆ ಪ್ರತಿ ತಿಂಗಳೂ ಯಾರಾದರೂ ಪತ್ರ ಬರೆದು ಕೇಳುತ್ತಲೇ ಇರುತ್ತಾರೆ. ಎರಡು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ. ಆ ಎರಡು ಸಾಲು ಯಾರಿಗೂ ನಾಟುತ್ತಿಲ್ಲ, ಸಂತೆಯಲ್ಲಿ ಬಣ್ಣದ ಪುಡಿ ಮಾರುವವರ ಮಾತು ಮಾತ್ರ ನಾಟುತ್ತದೆ. ಅದಕ್ಕೇ ಈ ಸಲ ಒಂದೇ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಸರ್, ನಮ್ಮ ಹೊಲದಲ್ಲಿ 80 ಜವಾರಿ ಕೋಳಿಗಳಿವೆ. ನಾವೇ ಬೆಳೆದ ಬಿಳಿಜೋಳ ಹಾಕುತ್ತೇವೆ. ಆದರೂ ಹಳದಿ ಬಿಳಿಚಿಕೊಂಡಿರುತ್ತದೆ. ವಿಜಯಪುರದ ಗಿರಾಕಿಗಳು ‘ಇದು ಫಾರಂ ತತ್ತಿ, ಜವಾರಿ ಅಂತ ಮೋಸ ಮಾಡ್ತೀರಿ’ ಅಂತ ವಾಪಸ್ ಕೊಡುತ್ತಾರೆ. ಸಂತೆಯಲ್ಲಿ ಒಬ್ಬರು ಬಣ್ಣದ ಪುಡಿ ಮಾರುತ್ತಾರೆ. ನೀರಿಗೆ ಹಾಕಿದರೆ ನಾಲ್ಕೇ ದಿನದಲ್ಲಿ ಹಳದಿ ಕೇಸರಿ ಆಗುತ್ತದಂತೆ. ಹಾಕಬಹುದಾ? (ಸಿಂದಗಿ ತಾಲ್ಲೂಕಿನ ರೈತರು)

ಹಾಕಬೇಡಿ. ಈಗಾಗಲೇ ತಂದಿದ್ದರೆ ತಿಪ್ಪೆಗೂ ಎಸೆಯಬೇಡಿ, ಕೋಳಿಗಳು ಕೆದರಿ ತಿನ್ನುತ್ತವೆ. ಚೀಟಿ ಇಲ್ಲದ ಪೊಟ್ಟಣದಲ್ಲಿ ಬಟ್ಟೆಗೆ ಹಾಕುವ ಬಣ್ಣವೇ ಇದ್ದರೂ ನಿಮಗೆ ಗೊತ್ತಾಗುವುದಿಲ್ಲ. 2006ರಲ್ಲಿ ಚೀನಾದಲ್ಲಿ ಬಾತುಕೋಳಿಗಳಿಗೆ ಸುಡಾನ್ ಬಣ್ಣ ತಿನ್ನಿಸಿ ಹಳದಿ ಭಾಗ ಕೆಂಪಾದ ತತ್ತಿ ಮಾರಿದ್ದು ಸಿಕ್ಕಿಬಿತ್ತು. ಆ ಬಣ್ಣ ಕಾರ್ಖಾನೆಯದ್ದು, ಊಟಕ್ಕೆ ಬಳಸುವಂತಿಲ್ಲ. ಕೋಳಿ ತಿಂದ ಇಂಥ ಬಣ್ಣ ತತ್ತಿಯ ಹಳದಿಗೆ ಇಳಿದು ಮಕ್ಕಳ ತಟ್ಟೆಗೆ ಬರುತ್ತದೆ. ಇದನ್ನು ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಈಗ ನಿಮ್ಮ ಕೋಳಿಯ ವಿಷಯ. ಹಳದಿ ಬಣ್ಣವನ್ನು ಕೋಳಿ ತನ್ನ ಮೈಯಲ್ಲಿ ತಾನೇ ತಯಾರಿಸಲಾರದು. ಕಾಳು, ಸೊಪ್ಪುಗಳಲ್ಲಿರುವ ಜ್ಯಾಂಥೋಫಿಲ್ ಎಂಬ ಬಣ್ಣ ಹೊಟ್ಟೆಗೆ ಹೋದರೆ ಮಾತ್ರ ಅದು ಹಳದಿಗೆ ಬರುತ್ತದೆ. ಒಂದು ಕೆಜಿ ಹಳದಿ ಗೋವಿನಜೋಳದಲ್ಲಿ (ಮೆಕ್ಕೆಜೋಳ) ಇದು ಸುಮಾರು 20 ಮಿಲಿಗ್ರಾಂ ಇರುತ್ತದೆ. ಬಿಳಿಜೋಳದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮಾಲದಂಡಿ ಎಂಬ ಬಿಳಿಜೋಳದ ರೊಟ್ಟಿ ನಮಗೆ ಎಷ್ಟೇ ರುಚಿಯಾದರೂ ಹಳದಿಗೆ ಬಣ್ಣ ಕೊಡುವ ಶಕ್ತಿ ಆ ಕಾಳಿಗಿಲ್ಲ. ಸಜ್ಜೆ, ಗೋಧಿ, ನುಚ್ಚಕ್ಕಿಯ ಕಥೆಯೂ ಅಷ್ಟೆ. ದೊಡ್ಡ ಫಾರಂನ ಕೋಳಿ ಗೋವಿನಜೋಳ ತಿನ್ನುತ್ತದೆ, ಹಾಗಾಗಿ ಅದರ ಹಳದಿ ನಿಮ್ಮ ಜವಾರಿಗಿಂತ ಗಾಢವಾಗಿರಬಹುದು. ಮಳೆಗಾಲದಲ್ಲಿ ಬದುವಿನ ಹಸಿರು ಹುಲ್ಲು ಮೇಯ್ದಾಗ ನಿಮ್ಮ ತತ್ತಿಯ ಬಣ್ಣವೂ ಏರಿರುತ್ತದೆ, ಗಮನಿಸಿ ನೋಡಿ. ತಳಿಗೂ ಇದಕ್ಕೂ ದೊಡ್ಡ ಸಂಬಂಧವಿಲ್ಲ.

ಬಣ್ಣ ಕಮ್ಮಿಯಾದರೆ ಪ್ರೋಟೀನ್ ಕಮ್ಮಿ ಆಗುವುದಿಲ್ಲ. 50 ಗ್ರಾಂ ತತ್ತಿಯಲ್ಲಿ ಹಳದಿ ಹೇಗೇ ಇರಲಿ, ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ನನ್ನ ಚಿಂತೆ ಬೇರೆ. ಬರೀ ಬಿಳಿಜೋಳ ತಿಂದ ಕೋಳಿಗೆ ಲೈಸಿನ್ ಎಂಬ ಪ್ರೋಟೀನ್ ಅಂಶ ಸಾಲದು, ಕ್ಯಾಲ್ಸಿಯಂ ಸಾಲದು, ಹಸಿರು ಮೇವಿಲ್ಲದಿದ್ದರೆ ಎ ವಿಟಮಿನ್ನೂ ಸಿಗುವುದಿಲ್ಲ. ತತ್ತಿ ಸಣ್ಣದಾಗುತ್ತದೆ, ಇಡುವುದೂ ಕಮ್ಮಿಯಾಗುತ್ತದೆ. ಗಿರಾಕಿ ಬಯ್ಯದಿದ್ದರೂ ನೀವು ಇದನ್ನು ಸರಿ ಮಾಡಲೇಬೇಕು.

ಅರ್ಧ ಜೋಳ ತೆಗೆದು ಆ ಜಾಗಕ್ಕೆ ಹಳದಿ ಗೋವಿನಜೋಳ ಹಾಕಿ. ಜೊತೆಗೆ ಸ್ವಲ್ಪ ಸೋಯಾ ಅಥವಾ ಶೇಂಗಾ ಹಿಂಡಿ. ಗೋವಿನಜೋಳ ಹೊಸ ಫಸಲಿನದ್ದಾಗಿರಲಿ, ಇಟ್ಟಷ್ಟೂ ಅದರ ಬಣ್ಣ ಇಳಿಯುತ್ತದೆ. ಕಾಳಿನ ಮೊಳಕೆಯ ಕಡೆ ಹಸಿರು, ಕಪ್ಪು ಬೂಸ್ಟು ಕಂಡರೆ ಅಥವಾ ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಆ ಬೂಸ್ಟಿನ ವಿಷ ಕೋಳಿಯ ಲಿವರ್ ಹಾಳು ಮಾಡುತ್ತದೆ, ಹಳದಿಯನ್ನೂ ಬಿಳಿಚಿಸುತ್ತದೆ.

ಕುದುರೆ ಮಸಾಲೆ (ಲೂಸರ್ನ್ ಮೇವು) ಅಥವಾ ನುಗ್ಗೆ ಸೊಪ್ಪು ಸಣ್ಣಗೆ ಹೆಚ್ಚಿ ದಿನಾ ಕೊಡಿ. ಚೆಂಡು ಹೂವಿನ ಎಸಳು ಇದಕ್ಕೆ ಎಲ್ಲಕ್ಕಿಂತ ಮೇಲು. ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಒಂದು ಕೆಜಿ ಆಹಾರಕ್ಕೆ 3ರಿಂದ 5 ಗ್ರಾಂ ಸಾಕು. ಆದರೆ ದೀಪಾವಳಿ ಮುಗಿದ ಮೇಲೆ ಬೀದಿಯಲ್ಲಿ ಬಿದ್ದ ಹಾರ ಆರಿಸಿ ತರಬೇಡಿ. ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೋ ಗೊತ್ತಿರುವುದಿಲ್ಲ, ನಿಮ್ಮ ಹಿತ್ತಲಿನ ಹೂವೇ ಇರಲಿ. ಕೆಂಪು ಛಾಯೆ ಬೇಕೇ ಬೇಕು ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಕೆಜಿಗೆ 5 ಗ್ರಾಂ ಒಳಗೆ ಹಾಕಬಹುದು. ಹಕ್ಕಿಗಳಿಗೆ ಖಾರ ತಾಗುವುದಿಲ್ಲ. ಇದಕ್ಕೂ ಬೂಸ್ಟು ಬಂದ ರಿಜೆಕ್ಟ್ ಮಾಲು ಬೇಡ.

ನಾಳೆಯೇ ಬಣ್ಣ ಬರಲಿಲ್ಲ ಅಂತ ಫೋನ್ ಮಾಡಬೇಡಿ. ಒಂದು ತತ್ತಿಯ ಹಳದಿ ಭಾಗ ಕೋಳಿಯ ಹೊಟ್ಟೆಯಲ್ಲಿ ಬಲಿಯಲು ಸುಮಾರು 10 ದಿನ ಬೇಕು, ಪದರದ ಮೇಲೆ ಪದರ ಕೂಡುತ್ತಾ ಬರುತ್ತದೆ. ಆಹಾರ ಬದಲಿಸಿದ ನಾಲ್ಕೈದನೇ ದಿನ ಒಂದು ತತ್ತಿ ಬೇಯಿಸಿ, ದಾರದಿಂದ ಅಡ್ಡ ಕತ್ತರಿಸಿ ನೋಡಿ. ನಡುವೆ ಬಿಳಿಚು, ಅಂಚಿಗೆ ಗಾಢ ಹಳದಿಯ ಉಂಗುರ ಇದ್ದರೆ ದಾರಿ ಸರಿಯಾಗಿದೆ. ಎರಡು ವಾರಕ್ಕೆ ನಡುವಿನವರೆಗೂ ಒಂದೇ ಬಣ್ಣ ಬರುತ್ತದೆ. ಚೆನ್ನಾಗಿ ತತ್ತಿ ಇಡುವ ಹಳದಿ ಕಾಲಿನ ಕೋಳಿಯ ಕಾಲು, ಕೊಕ್ಕು ಬಿಳಿಚಿದರೆ ಗಾಬರಿ ಬೇಡ. ಮೈಯ ಬಣ್ಣವೇ ತತ್ತಿಗೆ ಹೋಗುತ್ತಿದೆ.

ಆಹಾರ ಬದಲಿಸದಿದ್ದರೂ ಹಳದಿ ಇದ್ದಕ್ಕಿದ್ದಂತೆ ಬಿಳಿಚಿದರೆ ಕಥೆ ಬೇರೆ. ಜಂತುಹುಳು ಇರಬಹುದು, ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು. ಕರುಳು ಕೆಟ್ಟರೆ ಬಣ್ಣ ಮೈಗೆ ಹತ್ತುವುದಿಲ್ಲ. ಹಿಕ್ಕೆಯನ್ನು ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ. ಅಂಗಡಿಯವರು ಅಂದಾಜಿನ ಮೇಲೆ ಕೊಟ್ಟ ಮಾತ್ರೆ ಬೇಡ.

ಗಿರಾಕಿಗೆ ತೋರಿಸಬೇಕಾದದ್ದು ಇಷ್ಟು: ಒಂದು ತತ್ತಿ ಒಡೆದು ತಟ್ಟೆಗೆ ಹಾಕಿ. ಹಳದಿ ಉಬ್ಬಿ ನಿಂತು, ಸುತ್ತ ಬಿಳಿ ಲೋಳೆ ದಪ್ಪಗೆ ಕೂತಿದ್ದರೆ ಅದು ತಾಜಾ. ಲೋಳೆ ನೀರಿನಂತೆ ತಟ್ಟೆ ತುಂಬ ಹರಿದರೆ ಹಳೆಯದು, ಹಳದಿ ಕೇಸರಿ ಇದ್ದರೂ ಹಳೆಯದೇ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಕೆಲವೇ ದಿನದಲ್ಲಿ ಲೋಳೆ ನೀರಾಗುತ್ತದೆ. ದಿನಕ್ಕೆ ಎರಡು ಸಲ ತತ್ತಿ ಆರಿಸಿ, ತಂಪಾದ ಕೋಣೆಯಲ್ಲಿಡಿ.

ಕೋಳಿಗೆ ಅರಿಶಿನ ಹಾಕಿದರೆ ಹಳದಿ ಗಾಢವಾಗುತ್ತದಾ? (ತೇರದಾಳ)

ಇಲ್ಲ. ಅರಿಶಿನದ ಬಣ್ಣ ತತ್ತಿಗೆ ಸರಿಯಾಗಿ ಇಳಿಯುವುದಿಲ್ಲ. ನಿಮ್ಮ ಅರಿಶಿನ ಸಾಂಗ್ಲಿ ಮಾರುಕಟ್ಟೆಗೆ ಕಳಿಸಿ, ದುಡ್ಡಾದರೂ ಬರುತ್ತದೆ.

ಎಮ್ಮೆಗೆ ತಂದ ಹತ್ತಿಕಾಳು ಹಿಂಡಿಯನ್ನೇ ಕೋಳಿಗೂ ಹಾಕಿದೆವು. ತತ್ತಿ ಎಂಟು ದಿನ ಇಟ್ಟರೆ ಹಳದಿ ಭಾಗ ಹಸಿರು ಮಿಶ್ರಿತ ಕಂದು ಆಗುತ್ತಿದೆ. (ಸವದತ್ತಿ)

ಹಿಂಡಿಯಲ್ಲಿರುವ ಗಾಸಿಪಾಲ್ ಎಂಬ ಅಂಶ ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಹೀಗೆ ಮಾಡುತ್ತದೆ. ಹತ್ತಿಕಾಳಿನ ಎಣ್ಣೆಯಿಂದ ಬಿಳಿ ಲೋಳೆ ಗುಲಾಬಿಯೂ ಆಗಬಹುದು. ಇವತ್ತೇ ನಿಲ್ಲಿಸಿ.

ಬೇಯಿಸಿದ ತತ್ತಿಯ ಹಳದಿ ಸುತ್ತ ಹಸಿರು ಗೆರೆ ಬರುತ್ತದೆ, ವಿಷವಾ? (ಬೆಳಗಾವಿ)

ಜಾಸ್ತಿ ಹೊತ್ತು ಕುದಿಸಿದ್ದೀರಿ, ಅಷ್ಟೆ.

ಪ್ಲಾಸ್ಟಿಕ್ ತತ್ತಿ ಗುರುತಿಸುವುದು ಹೇಗೆ?

ಅಂಥದ್ದಿಲ್ಲ. ಸಿಪ್ಪೆಯ ಒಣಗಿದ ಒಳಪೊರೆ ಸುಟ್ಟು ‘ಇದು ಪ್ಲಾಸ್ಟಿಕ್’ ಅಂತ ತೋರಿಸುವ ವಿಡಿಯೋ ನನಗೆ ಮತ್ತೆ ಕಳಿಸಬೇಡಿ.

ಬೇಸಿಗೆಯಲ್ಲಿ ತತ್ತಿಯ ಸಿಪ್ಪೆ ತೆಳುವಾಗಿ ಕೈಯಲ್ಲೇ ಒಡೆಯುತ್ತದೆ. ನೀರಿಗೆ ಸುಣ್ಣ ಕಲಸಿ ಕೊಡಲಾ? (ಬಾಗಲಕೋಟೆ)

ಎಲೆಗೆ ಹಚ್ಚುವ ಸುಣ್ಣ ಬೇಡ, ಬಾಯಿ ಸುಡುತ್ತದೆ. ಬಿಸಿಲಿಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ರಕ್ತದಲ್ಲಿ ಸಿಪ್ಪೆಗೆ ಬೇಕಾದ ಬೈಕಾರ್ಬನೇಟ್ ಕಮ್ಮಿಯಾಗುತ್ತದೆ, ಮೇವು ತಿನ್ನುವುದೂ ಕಮ್ಮಿ. ದಿನಾ ತತ್ತಿ ಇಡುವ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಕ್ಯಾಲ್ಸಿಯಂ ಬೇಕು. ಸಿಪ್ಪೆ ಹೆಚ್ಚಾಗಿ ಕಟ್ಟುವುದು ರಾತ್ರಿ. ಹಾಗಾಗಿ ಕಪ್ಪೆಚಿಪ್ಪಿನ ಅಥವಾ ಸುಣ್ಣದಕಲ್ಲಿನ ನುಚ್ಚನ್ನು ಸಂಜೆ ಬೇರೆ ಬಟ್ಟಲಲ್ಲಿಡಿ, ಹಿಟ್ಟಿನಷ್ಟು ನುಣ್ಣಗಿರುವುದು ಬೇಡ. ಮೇವು ಬೆಳಗಿನ ತಂಪಲ್ಲಿ ಹಾಕಿ. ಕುಡಿಯುವ ನೀರಿನ ಟ್ಯಾಂಕಿಗೆ ಒದ್ದೆ ಗೋಣಿಚೀಲ ಸುತ್ತಿ.