ದೂರ ಆಮೇಲೆ ನೋಡೋಣ, ಮೊದಲು ಟೈಮ್ ಕೇಳಿ

ಅಮ್ಮನ ಜೊತೆ ರಾತ್ರಿ ಬಸ್ಸಲ್ಲಿ ಹೊರಟು ಶನಿವಾರ ನಸುಕಿಗೆ ಮೈಸೂರಲ್ಲಿ ಇಳೀತೀರಿ, ಯಾದವಗಿರಿಯ ಸಣ್ಣ ಹೋಟೆಲ್ ದೂರ ಆಗುತ್ತಾ, ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜೇ ವಾಸಿನಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ದಾವಣಗೆರೆಯಿಂದ ಅಮ್ಮನ್ನ ಕರ್ಕೊಂಡು ಹೀಗೇ ಹೋಗಿದ್ದೆ. ಅದೂ ಯಾದವಗಿರಿಗೇ.

ಫೋನಲ್ಲಿ ವಿಚಾರಿಸಿದಾಗ "ದಿನಕ್ಕೆ 900 ರೂಪಾಯಿ ಸಾರ್, ಯಾವಾಗ ಬೇಕಾದ್ರೂ ಬನ್ನಿ" ಅಂದರು. ನಾನು ಹಿಗ್ಗಿಬಿಟ್ಟೆ. ಬೆಳಿಗ್ಗೆ 5:20ಕ್ಕೆ ಕೌಂಟರ್ ಮುಂದೆ ನಿಂತಿದ್ದೆವು. ದಪ್ಪ ರಿಜಿಸ್ಟರು, ಅದಕ್ಕೆ ದಾರ ಕಟ್ಟಿದ ಪೆನ್ನು. 'ಬಂದ ವೇಳೆ' ಅನ್ನೋ ಕಾಲಂನಲ್ಲಿ ನಾನೇ ನನ್ನ ಕೈಯಾರೆ 5:20 ಅಂತ ಬರೆದೆ. ಅಮ್ಮ ಮಂಡಿ ಹಿಡ್ಕೊಂಡು ಸೋಫಾದಲ್ಲಿ ಕೂತಿದ್ದರು, ಬೇಗ ರೂಮು ಸಿಕ್ಕರೆ ಸಾಕು ಅನ್ನೋ ಹಾಗಿತ್ತು.

ಆ ಹೋಟೆಲಿನ ದಿನ ಮಧ್ಯಾಹ್ನ 12ರಿಂದ ಮಧ್ಯಾಹ್ನ 12ಕ್ಕೆ. ನನ್ನ ತಲೆಯಲ್ಲಿದ್ದದ್ದು 24 ಗಂಟೆ ಲೆಕ್ಕ, ಅಂದರೆ ಒಳಗೆ ಬಂದ ಹೊತ್ತಿಂದ ಮಾರನೇ ದಿನ ಅದೇ ಹೊತ್ತಿನವರೆಗೆ. ಭಾನುವಾರ ರಾತ್ರಿ ಹತ್ತರ ಬಸ್ಸಿಗೆ ಹೊರಡೋರು ನಾವು, ಹಾಗಾಗಿ ಎರಡು ದಿನ, 1,800 ಅಂದುಕೊಂಡಿದ್ದೆ. ಅವರ ಲೆಕ್ಕ ಕೇಳಿ: ಶನಿವಾರ 5:20ರಿಂದ 12ರವರೆಗೆ ಒಂದು ದಿನ. ಅಲ್ಲಿಂದ ಭಾನುವಾರ 12ಕ್ಕೆ ಎರಡು. ಭಾನುವಾರ ಸಾಯಂಕಾಲ ಅರಮನೆ ದೀಪ ನೋಡಿ ಬಂದು ಚೀಲ ತಗೊಂಡೆವಲ್ಲ, ಅದಕ್ಕೆ ಮೂರನೇ ದಿನ. ಒಟ್ಟು 2,700. ಮಲಗಿದ್ದು ಒಂದೇ ರಾತ್ರಿ! ಮೊದಲ ಆರೂವರೆ ಗಂಟೆಗೆ 900 ಕೊಟ್ಟಿದ್ದೀನಿ, ಅದರಲ್ಲಿ ಅರ್ಧ ಹೊತ್ತು ಬಿಸಿನೀರಿಗೆ ಕಾದಿದ್ದೇ ಆಯ್ತು. ಸೋಲಾರ್ ನೀರು, ಹಿಂದಿನ ದಿನ ಮೋಡ ಇತ್ತಂತೆ. ರೂಮ್ ಬಾಯ್ ಕೊನೆಗೆ ಕೆಳಗಿಂದ ಎರಡು ಬಕೆಟ್ ಹೊತ್ತು ತಂದ, ಪುಣ್ಯಾತ್ಮ.

ಜಗಳ ಆಡೋಣ ಅಂದರೆ ರಿಜಿಸ್ಟರಲ್ಲಿರೋದು ನನ್ನದೇ ಅಕ್ಷರ. ಕೌಂಟರ್ ಹಿಂದಿನ ಗೋಡೆಯಲ್ಲಿ 'ಚೆಕ್‌ಔಟ್ 12' ಅನ್ನೋ ಬೋರ್ಡೂ ಇತ್ತು, ಕ್ಯಾಲೆಂಡರ್ ಪಕ್ಕದಲ್ಲಿ. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಹಾಗಾಗಿ ಬಸ್ ಸ್ಟ್ಯಾಂಡಾ ಯಾದವಗಿರಿಯಾ ಅನ್ನೋ ತಲೆಬಿಸಿಯೇ ಬೇಡ ನಿಮಗೆ. ಯಾದವಗಿರಿ ಇರೋದು ರೈಲ್ವೆ ಸ್ಟೇಷನ್ನಿನ ಹಿಂಬದಿಗೆ, ಅದನ್ನ ದೂರ ಅಂದರೆ ಮೈಸೂರಿನವರು ನಗ್ತಾರೆ. ಬಸ್ ಸ್ಟ್ಯಾಂಡ್ ಪಕ್ಕ ಮಲಗಿದರೆ ರಾತ್ರಿಯೆಲ್ಲ ಹಾರ್ನು, ಕಂಡಕ್ಟರ್ ಕೂಗು. ಇಲ್ಲಿ ಬೆಳಿಗ್ಗೆ ಕೇಳಿಸಿದ್ದು ಪೊರಕೆ ಸದ್ದು ಮಾತ್ರ. ಅಮ್ಮ ರೇಡಿಯೋ ಕೇಳಿಕೊಂಡೇ ಅಡುಗೆ ಮಾಡಿದ ಜೀವ, ಅಲ್ಲೇ ಇರೋ ಆಕಾಶವಾಣಿ ಗೇಟಿನ ಮುಂದೆ ಐದು ನಿಮಿಷ ನಿಂತಿದ್ದರು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿಯ ಮುಂದುವರಿಕೆ ಅದು. ಅದನ್ನ ನಾನು ಹೇಳಿದರೆ "ನಂಗೊತ್ತು ಬಿಡೋ" ಅಂದರು.

ನೀವು ಮಾಡಬೇಕಾದದ್ದು ಇಷ್ಟು. ಇವತ್ತೇ ಫೋನ್ ಮಾಡಿ, "ಬೆಳಿಗ್ಗೆ ಐದಕ್ಕೆ ಬಂದರೆ ನಮ್ಮ ಮೊದಲ ದಿನ ಎಷ್ಟು ಗಂಟೆಗೆ ಮುಗಿಯುತ್ತೆ?" ಅಂತ ಕೇಳಿ. ಬಾಡಿಗೆ ಆಮೇಲೆ. ಮಧ್ಯಾಹ್ನ 12 ಅಂದರೆ, ಬರೀ ಸ್ನಾನ, ತಿಂಡಿ ಹೊತ್ತಿಗೆ ಅರ್ಧ ಬಾಡಿಗೆ ತಗೊಳ್ತೀರಾ ಅಂತ ಚೌಕಾಸಿ ಮಾಡಿ, ದಸರಾ ಹೊತ್ತು ಬಿಟ್ಟರೆ ಒಪ್ಪೋರು ಇದ್ದಾರೆ. ಭಾನುವಾರ 12ಕ್ಕೆ ರೂಮು ಖಾಲಿ ಮಾಡಿ ಚೀಲ ಕೌಂಟರಲ್ಲಿ ಇಡಿ, ಸಾಮಾನ್ಯವಾಗಿ ಬೇಡ ಅನ್ನಲ್ಲ. ನನಗೆ ಆ ಒಂದು ಬುದ್ಧಿ ಇದ್ದಿದ್ದರೂ 900 ಉಳೀತಿತ್ತು. ಆಧಾರ್ ಒರಿಜಿನಲ್ ಇಟ್ಕೊಳ್ಳಿ. ಬೆಟ್ಟಕ್ಕೆ ಅಂತ ಟ್ಯಾಕ್ಸಿ ಮಾಡಬೇಡಿ, ಅರಮನೆ ಹತ್ತಿರದ ಸಿಟಿ ಬಸ್ ಸ್ಟ್ಯಾಂಡಿಂದ 201 ಹೋಗುತ್ತೆ.

ಅಮ್ಮನಿಗೆ ಬಿಲ್ಲು 1,800 ಆಯ್ತು ಅಂತಲೇ ಹೇಳಿದ್ದೆ. ಅದಕ್ಕೂ "ಜಾಸ್ತಿ ಆಯ್ತಲ್ಲೋ" ಅಂದರು.