ಐಐಎಸ್ಸಿ ಪ್ರೊಫೆಸರ್‌ಗಳಿಗೆ ಬೇಸಿಗೆ ಇಂಟರ್ನ್‌ಶಿಪ್ ಕೇಳಿ ಮೇಲ್ ಹಾಕಿದರೆ ಉತ್ತರವೇ ಬರಲ್ಲ, ಏನು ಮಾಡಲಿ?

ಕಡಿಮೆ ಮೇಲ್ ಹಾಕಿ, ಆದರೆ ಒಂದೊಂದನ್ನೂ ಆಯಾ ಲ್ಯಾಬ್‌ಗೆಂದೇ ಬರೆಯಿರಿ. ‘ರೆಸ್ಪೆಕ್ಟೆಡ್ ಸರ್, ನಿಮ್ಮ ಸಂಶೋಧನೆಯಲ್ಲಿ ತುಂಬಾ ಆಸಕ್ತಿ’ ಅನ್ನೋ ಸಾಲು ಅವರ ಇನ್‌ಬಾಕ್ಸ್‌ನಲ್ಲಿ ರಾಶಿ ಬಿದ್ದಿರುತ್ತದೆ (ಮೇಡಂಗೂ ‘ಸರ್’ ಅಂತಲೇ ಹೋಗಿರುತ್ತದೆ!).

ಎರಡು ತಿಂಗಳಿಗೆ ಬಂದವರಿಗೆ ಕೆಲಸ ಕಲಿಸೋದು ಸಾಮಾನ್ಯವಾಗಿ ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿಗಳು, ತಮ್ಮ ಕೆಲಸ ಬದಿಗಿಟ್ಟು. ಹಾಗಾಗಿ ಅಂಕಪಟ್ಟಿಗಿಂತ ಜಾಸ್ತಿ ತೂಗುವುದು, ‘ಇವರಿಗೆ ಎಷ್ಟು ಹೇಳಿಕೊಡಬೇಕಾದೀತು?’ ಅನ್ನೋದು. ಆ ಲ್ಯಾಬಿನ ಇತ್ತೀಚಿನ ಒಂದು ಪೇಪರ್ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಗ್ರಾಫ್ ಬಗ್ಗೆ ಕೇಳಿ. ನೀವೇ ಬರೆದ ಕೋಡ್ ಇದ್ದರೆ ಲಿಂಕ್ ಕೊಡಿ. ಡಿಸೆಂಬರ್-ಜನವರಿಯಲ್ಲೇ ಬರೆದರೆ ಒಳ್ಳೆಯದು. ಏಪ್ರಿಲ್ ಹೊತ್ತಿಗೆ ಎಷ್ಟೋ ಲ್ಯಾಬ್‌ಗಳಲ್ಲಿ ಜಾಗ ಇರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್‌ಗೂ ಒಂದು ಅರ್ಜಿ ಹಾಕಿಬಿಡಿ.