ದೂರದ ಕಂಪ್ಯೂಟರಿನ ಮುದ್ರಣ ಸರದಿ: 631ನೇ ಪೋರ್ಟನ್ನು ಲೋಕಕ್ಕೆಲ್ಲ ತೆರೆಯಬೇಡಿ

ಒಂದೇ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲದ ಹೆಚ್ಚಿನ ಜಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಪ್ರಿಂಟರಿನಲ್ಲಿ ಕಾಗದವಿದೆಯೇ, ಕೇಬಲ್ ಸರಿಯಾಗಿದೆಯೇ ಎಂಬುದನ್ನು ನೀವೇ ನೋಡಿಕೊಂಡಿದ್ದೀರೆಂದು ಭಾವಿಸಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ದೂರದ ಲಿನಕ್ಸ್ ಯಂತ್ರಕ್ಕೆ ಜೋಡಿಸಿದ ಪ್ರಿಂಟರಿಗೆ ನನ್ನ ಕಡತಗಳು ಹೋಗುತ್ತವೆ. ಆದರೆ ಮುದ್ರಣವನ್ನು ನೋಡಿಕೊಳ್ಳುವ ಕಪ್ಸ್ ಎಂಬ ತಂತ್ರಾಂಶದ ನಿರ್ವಹಣಾ ಪುಟವನ್ನು ಬ್ರೌಸರಿನಲ್ಲಿ ತೆರೆದರೆ ‘ಫರ್ಬಿಡನ್’ (ಪ್ರವೇಶವಿಲ್ಲ) ಎನ್ನುತ್ತದೆ. ಎಲ್ಲರಿಗೂ ಅನುಮತಿ ಕೊಟ್ಟು, ರೂಟರಿನಲ್ಲಿ 631ನೇ ಪೋರ್ಟ್ (ಕಪ್ಸ್ ಬಳಸುವ ಜಾಲದ ಬಾಗಿಲು) ತೆರೆಯಲು ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ. ಮಾಡಬಹುದೇ?

ಖಂಡಿತ ಮಾಡಬಾರದು. ಮುದ್ರಣಕ್ಕೆ ಕೆಲಸ ಕಳುಹಿಸುವ ಅನುಮತಿ ಬೇರೆ, ಸರ್ವರನ್ನು ಆಳುವ ಅನುಮತಿ ಬೇರೆ. ಕಪ್ಸ್ ಮೊದಲನೆಯದನ್ನು ಜಾಲಕ್ಕೆ ಹಂಚಿದಾಗಲೂ ಎರಡನೆಯದನ್ನು ತನ್ನ ಯಂತ್ರದೊಳಗೇ ಇಟ್ಟುಕೊಳ್ಳುತ್ತದೆ. ನಿಮಗೆ ಕಂಡದ್ದು ದೋಷವಲ್ಲ, ಕಾವಲು. ಬೀಗ ತೆರೆಯುತ್ತಿಲ್ಲವೆಂದು ಬಾಗಿಲನ್ನೇ ಕಿತ್ತಿಡುವ ಈ ಸಲಹೆ ಇನ್ನೂ ಚಲಾವಣೆಯಲ್ಲಿರುವುದು ನನಗೆ ಸಿಟ್ಟು ತರಿಸುತ್ತದೆ. ಕಪ್ಸ್ ಜೊತೆಗೆ ಓಡುತ್ತ ಜಾಲದ ಪ್ರಿಂಟರುಗಳನ್ನು ಹುಡುಕುವ ಕಪ್ಸ್-ಬ್ರೌಸ್ಡ್ ಎಂಬ ಸೇವೆ 631ನೇ ಯುಡಿಪಿ (ಜಾಲದಲ್ಲಿ ಸಂದೇಶ ಸಾಗಿಸುವ ಒಂದು ಬಗೆ) ಪೋರ್ಟಿನಲ್ಲಿ ಯಾರ ಸಂದೇಶವನ್ನಾದರೂ ನಂಬುತ್ತಿತ್ತೆಂಬುದು 2024ರ ಸೆಪ್ಟೆಂಬರಿನಲ್ಲಿ ಬಯಲಾದ ಮೇಲಂತೂ ಈ ಮಾತನ್ನು ಆಡಲೇಬಾರದಿತ್ತು.

ಮಾಡಬೇಕಾದದ್ದು ಇಷ್ಟು. ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ (ಗೂಢಲಿಪೀಕರಿಸಿದ ಸುರಕ್ಷಿತ ಸಂಪರ್ಕ) ಮೂಲಕ ಪ್ರವೇಶಿಸುವಾಗ, ದೊಡ್ಡಕ್ಷರದ ಎಲ್ ಆಯ್ಕೆಯನ್ನು ಬಳಸಿ, ನಿಮ್ಮ ಯಂತ್ರದ 6310ನೇ ಪೋರ್ಟನ್ನು ಆ ಯಂತ್ರದ ಲೋಕಲ್‌ಹೋಸ್ಟ್ (ಯಂತ್ರ ತನ್ನನ್ನೇ ಕರೆದುಕೊಳ್ಳುವ ಹೆಸರು) 631ಕ್ಕೆ ಬೆಸೆಯಿರಿ; ಬಳಿಕ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:6310 ತೆರೆಯಿರಿ. ಎರಡೂ ಕಡೆ 631 ಎಂದೇ ಇಡಲು ಹೋಗಬೇಡಿ, ಏಕೆಂದರೆ ನಿಮ್ಮ ಯಂತ್ರದ 631ರಲ್ಲಿ ನಿಮ್ಮದೇ ಕಪ್ಸ್ ಕುಳಿತಿರಬಹುದು, ಆಗ ನೀವು ನಿಮ್ಮದೇ ಖಾಲಿ ಸರದಿಯನ್ನು ನೋಡಿ, ದೂರದ ಕೆಲಸಗಳೆಲ್ಲ ಮಾಯವಾದವೆಂದು ನನಗೆ ಇನ್ನೊಂದು ಪತ್ರ ಬರೆಯುತ್ತೀರಿ. ಪುಟ ಕೇಳುವ ಗುಪ್ತಪದ ದೂರದ ಯಂತ್ರದಲ್ಲಿರುವ ನಿಮ್ಮ ಖಾತೆಯದು. ನಿಮ್ಮ ಕೆಲಸವನ್ನು ನೀವು ರದ್ದು ಮಾಡಬಹುದು. ಇತರರ ಕೆಲಸವನ್ನು ಮುಟ್ಟಬೇಕಾದರೆ ಆ ಖಾತೆ ನಿರ್ವಾಹಕರ ಗುಂಪಿನಲ್ಲಿರಬೇಕು, ಡೆಬಿಯನ್‌ನಲ್ಲಿ ಅದರ ಹೆಸರು ಎಲ್‌ಪಿಅಡ್ಮಿನ್. ಇತರರ ಕಡತದ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ, ಅದು ಖಾಸಗಿತನಕ್ಕಾಗಿ ಮರೆಮಾಡಿದ್ದು.

ಒಳಹೊಕ್ಕ ಮೇಲೆ ಕೆಲಸಗಳನ್ನು ಒಂದೊಂದಾಗಿ ಅಳಿಸಲು ಕೂರಬೇಡಿ. ಮೊದಲು ಪ್ರಿಂಟರಿನ ಸ್ಥಿತಿಯನ್ನು ನೋಡಿ. ಅದು ‘ಪಾಸ್ಡ್’ (ತಾತ್ಕಾಲಿಕವಾಗಿ ನಿಲ್ಲಿಸಿದೆ) ಎಂದಿದ್ದರೆ ಎಷ್ಟು ಅಳಿಸಿದರೂ ಹೊಸ ಕೆಲಸಗಳು ಬಂದು ನಿಲ್ಲುತ್ತಲೇ ಇರುತ್ತವೆ. ಒಂದು ಕೆಲಸ ವಿಫಲವಾದಾಗ ಇಡೀ ಪ್ರಿಂಟರನ್ನೇ ನಿಲ್ಲಿಸುವ ದೋಷನೀತಿಯೂ ಕಪ್ಸ್‌ನಲ್ಲಿರುವುದರಿಂದ, ಆ ಕೆಲಸವನ್ನು ತಡೆಹಿಡಿದು ‘ರೆಸ್ಯೂಮ್’ ಒತ್ತಿ. ಯಂತ್ರವೇ ಕೆಟ್ಟಿದ್ದರೆ ಕೆಲಸಗಳನ್ನು ಇನ್ನೊಂದು ಪ್ರಿಂಟರಿಗೆ ‘ಮೂವ್’ ಮಾಡಿ. ರದ್ದು ಮಾಡಿದ ಮೇಲೂ ಕೆಲವು ಹಾಳೆ ಹೊರಬಂದರೆ, ಅವು ಆಗಲೇ ಪ್ರಿಂಟರಿನ ಸ್ಮೃತಿಗೆ ಹೋಗಿದ್ದವು ಎಂದರ್ಥ. ಅಲ್ಲಿಗೆ ಸರ್ವರಿನ ಕೈ ಯಾವಾಗಲೂ ತಲುಪುವುದಿಲ್ಲ. ಮುಗಿದ ಕೆಲಸವನ್ನು ಮರುಮುದ್ರಿಸುವ ಗುಂಡಿ, ಸರ್ವರ್ ಆ ಕಡತವನ್ನು ಉಳಿಸಿಕೊಂಡಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ; ಈಗಿನ ಕಪ್ಸ್‌ನ ಪೂರ್ವನಿಯೋಜಿತ ಅವಧಿ 86,400 ಸೆಕೆಂಡು, ಅಂದರೆ ಒಂದು ದಿನ.

ಪ್ರಶ್ನೆ: ಮ್ಯಾಕ್‌ನಲ್ಲಿ ಈ ಪುಟವೇ ತೆರೆಯುವುದಿಲ್ಲವಲ್ಲ?

ಅಲ್ಲಿ ಅದನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ. ಟರ್ಮಿನಲ್ಲಿನಲ್ಲಿ ಕಪ್ಸ್‌ಸಿಟಿಎಲ್ ಆದೇಶದ ಮೂಲಕ ವೆಬ್‌ಇಂಟರ್‌ಫೇಸ್ ಆಯ್ಕೆಗೆ ‘ಯೆಸ್’ ಕೊಡಿ.

ಪ್ರಶ್ನೆ: ಮುದ್ರಣ ಸರದಿಯನ್ನು ಶುಚಿಗೊಳಿಸುವ ‘ಸ್ಪೂಲರ್ ಕ್ಲೀನರ್’ ತಂತ್ರಾಂಶ ಕೊಳ್ಳಲೇ? ದೂರದಿಂದಲೇ ರಿಪೇರಿ ಮಾಡಿಕೊಡುವುದಾಗಿ ಫೋನಿನಲ್ಲಿ ಹೇಳುತ್ತಿದ್ದಾರೆ.

ಬೇಡ. ನಿಮ್ಮ ಪರದೆಯನ್ನು ಕೈಗೆ ಕೊಡಿ ಎಂದು ತಾವಾಗಿ ಕರೆ ಮಾಡುವವರು ರಿಪೇರಿಯವರಲ್ಲ.

ಪ್ರಶ್ನೆ: ವಿಂಡೋಸ್ ಸರ್ವರಿನ ಸರದಿಯನ್ನು ನೋಡಲು ರಿಮೋಟ್ ಡೆಸ್ಕ್‌ಟಾಪ್ ಬೇಕೇ ಬೇಕೇ?

ಬೇಕಿಲ್ಲ, ವಿಂಡೋಸ್ ಪ್ರೊ ಆವೃತ್ತಿಯ ಪ್ರಿಂಟ್ ಮ್ಯಾನೇಜ್‌ಮೆಂಟ್ ಕನ್ಸೋಲಿಗೆ ಆ ಸರ್ವರನ್ನು ಸೇರಿಸಿದರೆ, ಅನುಮತಿಯಿರುವ ಖಾತೆಯಿಂದ ಸರದಿಯನ್ನು ಅಲ್ಲೇ ನಿರ್ವಹಿಸಬಹುದು. ಆದರೆ ವಿಂಡೋಸ್ ಮುದ್ರಣ ಸೇವೆಯಲ್ಲಿ 2021ರಲ್ಲಿ ಬಯಲಾದ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷದ ತಿದ್ದುಪಡಿಗಳನ್ನು ಹಾಕಿಕೊಳ್ಳದ ಸರ್ವರಾದರೆ, ಸರದಿಯ ಮಾತು ಆಮೇಲಿರಲಿ, ಮೊದಲು ಅವನ್ನು ಹಾಕಿಸಿ.